ಕುರ್ಚಿಯ ಹೊಟ್ಟೆ ತುಂಬಿಸಿದವಳು

“ತಗೊಳ್ಳಿ, ನಿಮ್ಮ ಕುರ್ಚಿ ನೀವೇ ಇಟ್ಕೊಳ್ಳಿ!”

ಗ್ಲೆಂಡೇಲ್‌ನ ಆ ಗರಾಜಿನ ಬಾಗಿಲಲ್ಲಿ ಕುರ್ಚಿಯನ್ನು ದೊಪ್ಪನೆ ಇಳಿಸಿದವನನ್ನು ವೈಶಾಲಿ ಹಿಂದೆಂದೂ ನೋಡಿರಲಿಲ್ಲ. ಆದರೆ ಆ ದನಿ… ಅಯ್ಯೋ, ಆ ದನಿಯನ್ನು ಅವಳು ನಿದ್ದೆಗಣ್ಣಲ್ಲೂ ಗುರುತಿಸುತ್ತಿದ್ದಳು!

“ಗಗನ್… ನೀವೇನ್ರೀ?”

“ಹೌದು, ನಾನೇ. ಕಾರ್ಲ್ಸ್‌ಬಾಡ್‌ನಿಂದ ಡ್ರೈವ್ ಮಾಡ್ಕೊಂಡು ಬಂದೆ. ಸೀಟಿನ ಕೆಳಗೆ ನೋಡಿ.”

ಅವಳು ಮಂಡಿಯೂರಿ ಬಗ್ಗಿದಳು. ಇರುವೆ! ತೇಪೆಗಳ ಸಂದಿಯಿಂದ ಹೊರಟ ಸಾಲು ಕುರ್ಚಿಯ ಕಾಲಿಗೆ ಇಳಿಯುತ್ತಿತ್ತು.

“ನಮ್ಮಜ್ಜಿ ಸೀರೆಗಳು ರೀ ಅವು! ತೊಳೀದೇನೇ ಹೊಲಿದ್ರಾ?”

ಒಂದೊಂದು ತುಂಡನ್ನೂ ಮೂರು ಸಲ ತೊಳೆದು ನೆರಳಲ್ಲಿ ಒಣಗಿಸಿದ್ದಳು ವೈಶಾಲಿ. ಹೇಳಬಹುದಿತ್ತು. ಆದರೆ ಇರುವೆ ಏಕೆ ಬಂತೆಂದು ಅವಳಿಗೆ ಆ ಕ್ಷಣವೇ ಹೊಳೆದುಬಿಟ್ಟಿತ್ತು. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

“ಬಿಟ್ಟು ಹೋಗ್ರಿ. ಸರಿ ಮಾಡಿ ಕಳಸ್ತೀನಿ.”

“ಕಳಸ್ತೀರಿ! ಮತ್ತೆ ಇನ್ಯಾರದ್ದೋ ಕಾರಲ್ಲಿ!” ಎಂದವನು ತಿರುಗಿಯೂ ನೋಡದೆ ಹೊರಟುಹೋದ.

ಗರಾಜ್ ಸೇಲ್‌ಗಳಲ್ಲಿ ಸಿಕ್ಕ ಹಳೆಯ ಕುರ್ಚಿಗಳಿಗೆ ಕೌದಿಯ ಹಾಗೆ ಸೀರೆಯ ತುಂಡು ಜೋಡಿಸಿ ಹೊಸ ಮೈ ಕೊಡುವುದು ವೈಶಾಲಿಯ ಕೆಲಸ. ಆ 2013ರ ಬೇಸಿಗೆಯಲ್ಲಿ ಗಗನ್ ತೀರಿಕೊಂಡ ತನ್ನ ಅಜ್ಜಿ ಜಯಮ್ಮನ ಏಳು ಸೀರೆಗಳನ್ನು ಪಾರ್ಸೆಲ್ ಮಾಡಿದ್ದ. ಯಾವ ತುಂಡು ಎಲ್ಲಿ ಬರಬೇಕೆಂದು ಕೇಳಲು ಒಂದು ಫೋನ್… ಅದೇ ಮೂರು ತಿಂಗಳು ದಿನಾ ಸಂಜೆಯ ಫೋನ್ ಆಯಿತು. ಅಜ್ಜಿ ಈ ಹಸಿರು ಸೀರೆ ಉಟ್ಟೇ ಮಾವಿನಮರ ಹತ್ತಿದ್ದು, ಆ ಕೆಂಪು ಸೆರಗಿನಲ್ಲಿ ಕೋಡುಬಳೆ ಬಚ್ಚಿಟ್ಟು ತಂದದ್ದು… ಅವನು ಹೇಳುತ್ತಿದ್ದ, ಇವಳು ಹೊಲಿಯುತ್ತ ನಗುತ್ತಿದ್ದಳು.

ಆದರೆ ‘ಒಂದ್ಸಲ ಬರ್ಲಾ?’ ಅಂದಾಗಲೆಲ್ಲ ‘ಭಾಳ ಕೆಲಸ ಐತ್ರೀ’ ಎಂದು ಜಾರಿಕೊಂಡಿದ್ದಳು. ಮುಗಿದ ಕುರ್ಚಿಯನ್ನೂ ಸ್ಯಾನ್ ಡಿಯಾಗೋ ಕಡೆಗೆ ಹೊರಟಿದ್ದ ಪರಿಚಯದವರ ಕಾರಿನಲ್ಲಿ ಕಳಿಸಿದ್ದಳು. ಒಮ್ಮೆ ಮದುವೆ ಮುರಿದವಳು… ದನಿ ಹಿತವಾಗಿದೆ, ದನಿಯಾಗೇ ಇರಲಿ. ಎದುರಿಗೆ ಬಂದರೆ ಮತ್ತೆ ಮನಸ್ಸು ಕೊಡಬೇಕಾಗುತ್ತದಲ್ಲ!

ಎರಡು ದಿನ ಅವಳ ಕಾಲು ಒಂದು ಕಡೆ ನಿಲ್ಲಲಿಲ್ಲ. ಚಹಾ ಇಟ್ಟು ಮರೆತಳು. ಫೋನ್ ಎತ್ತಿದಳು, ಇಟ್ಟಳು. ದಾರ ಪೋಣಿಸಿದ ಸೂಜಿಗೇ ಇನ್ನೊಂದು ದಾರ ಪೋಣಿಸಲು ಹೋದಳು.

“ಯಾಕ ಹಿಂಗ ಸುತ್ತಾಕತ್ತೀ? ನನಗ ತಲಿ ತಿರಗಾಕತ್ತೈತಿ!” ಎಂದಳು ಅವಳನ್ನು ಮನೆಯಲ್ಲಿಟ್ಟುಕೊಂಡಿದ್ದ ಚಿಕ್ಕಮ್ಮ ಶಂಕ್ರವ್ವ. ಬಿಚ್ಚಿದ ಸೀಟಿನಿಂದ ಹೊರಬಿದ್ದದ್ದನ್ನು ಆಕೆ ಆಗಲೇ ನೋಡಿಯಾಗಿತ್ತು. ಒಣಗಿದ ಹೋಳಿಗೆಯ ತುಂಡು!

“ಕೌದಿ ಹೊಟ್ಟಿ ಖಾಲಿ ಇರಬಾರದು, ಖರೆ. ಅದಕ್ಕ ನಾಕು ಕಾಳು ಜೋಳ ಹಾಕ್ತೀ. ಈ ಕುರ್ಚಿಗೆ ಮಾತ್ರ ಹೋಳಿಗಿ ಯಾಕವ್ವಾ?”

ವೈಶಾಲಿಯ ಕಿವಿ ಕೆಂಪಾಯಿತು.

“ಇರುವಿಗೆ ಸೈತ ಗೊತ್ತಾತು. ಆ ಹುಡುಗಗ ಮಾತ್ರ ಗೊತ್ತಿಲ್ಲ ನೋಡು! ಹೋಗಿ ಹೇಳು.”

“ನಗ್ತಾನ, ಚಿಗವ್ವ…”

“ನಗಲಿ. ಹೇಳದಿದ್ರ, ಅಜ್ಜಿ ಸೀರಿ ಹೊಲಸು ಇಟ್ಟಾಕಿ ಅಂತ ಜೀವಮಾನ ಅನ್ಕೋತಾನ. ಅದು ನಡೀತೈತೇನು?”

ಇಲ್ಲ. ಅದೊಂದು ನಡೆಯುವಂತಿರಲಿಲ್ಲ.

ಶನಿವಾರ ಮಧ್ಯಾಹ್ನ ಹೊಲಿದು ಮುಗಿಸಿದ ಕುರ್ಚಿಯನ್ನು ಕಾರಿನ ಹಿಂದಿನ ಸೀಟಿಗೆ ಹಾಕಿಕೊಂಡು ಕಾರ್ಲ್ಸ್‌ಬಾಡ್‌ಗೆ ಹೊರಟಳು. ದಾರಿಯಲ್ಲಿ ಎರಡು ಸಲ ಮನಸ್ಸು ಬದಲಿಸಿ ಫ್ರೀವೇ ಇಳಿದಳು… ಎರಡು ಸಲವೂ ಮತ್ತೆ ಹತ್ತಿದಳು.

ಬಾಗಿಲು ತೆರೆದ ಗಗನ್ ಮೊದಲು ಅವಳನ್ನು, ಆಮೇಲೆ ಅವಳ ಹಿಂದೆ ನಿಂತಿದ್ದ ಕಾರನ್ನು ನೋಡಿದ.

“ಒಂದು ಮಾತು ಹೇಳಿ ಹೋಗ್ತೀನಿ, ನಡುವ ಬಾಯಿ ಹಾಕಬ್ಯಾಡ್ರಿ,” ವೈಶಾಲಿ ಒಂದೇ ಉಸಿರಿಗೆ ಶುರುಮಾಡಿದಳು. “ನಮ್ಮ ಕಡೆ ಕೌದಿ ಮುಗಿಸೋ ಮುಂದ ಅದರ ಹೊಟ್ಟಿ ತುಂಬಸ್ತಾರ. ಮನ್ಯಾಗ ಉಣ್ಣಾಕ ಕಡಿಮಿ ಆಗಬಾರದು ಅಂತ. ಎಲ್ಲಾರ ಕುರ್ಚಿಗೂ ಜೋಳ ಹಾಕ್ತೀನಿ. ನಿಮ್ಮದಕ್ಕ… ಹೋಳಿಗಿ ಮಾಡಿ ಹಾಕಿದ್ದೆ. ಬೆಲ್ಲಕ್ಕ ಇರುವಿ ಬಂದಾವ. ಬಟ್ಟಿ ಹೊಲಸು ಇರಲಿಲ್ರೀ!”

“ನನ್ನ ಕುರ್ಚಿಗೆ ಮಾತ್ರಾನಾ?”

“ಹ್ಞೂಂ…”

ಅವನು ನಗಲಿಲ್ಲ.

“ವೈಶಾಲಿ, ಇರುವೆಗೋಸ್ಕರ ಯಾರಾದ್ರೂ ನೂರು ಮೈಲಿ ಡ್ರೈವ್ ಮಾಡ್ತಾರಾ? ಫೋನಲ್ಲೇ ಹೇಳ್ಬಹುದಿತ್ತು. ಕುರ್ಚಿ ಬಂತು, ನೀವು ಬರಲಿಲ್ಲ… ಅವತ್ತೇ ಹೊಟ್ಟೆ ಉರಿದಿತ್ತು. ಇರುವೆ ಒಂದು ನೆಪ. ನಿಮ್ಮನ್ನ ನೋಡಿದ್ಮೇಲೆ ಏನು ಹೇಳ್ಬೇಕೋ ತೋಚದೆ ಬೈದ್ಬಿಟ್ಟೆ.”

“ಬೈಯೂದು ಛಲೋ ಬರ್ತೈತಿ ನಿಮಗ.”

“ಪ್ರೀತಿ ಮಾಡೋದೂ ಬರುತ್ತೆ. ಹೇಳೋಕೆ ಬರಲ್ಲ, ಅಷ್ಟೆ.”

ಅವಳ ಕಣ್ಣು ತುಂಬಿತು. “ನಂದು ಒಂದು ಮದುವಿ ಮುರದೈತ್ರೀ…”

“ಗೊತ್ತು. ಎರಡನೇ ವಾರಾನೇ ಹೇಳಿದ್ರಿ, ಆ ನೇರಳೆ ತುಂಡು ಹೊಲಿಯೋವಾಗ. ಆಮೇಲೂ ನಾನು ದಿನಾ ಫೋನ್ ಮಾಡ್ಲಿಲ್ವಾ?”

ಹೌದಲ್ಲ! ಒಂದು ದಿನವೂ ತಪ್ಪಿಸಿರಲಿಲ್ಲ… ವೈಶಾಲಿ ಗಾಬರಿಯಿಂದ ಸೆರಗಿಲ್ಲದ ಕುರ್ತಾದ ತುದಿಯಲ್ಲೇ ಕಣ್ಣೊರೆಸಿಕೊಂಡಳು.

“ಹೊರಡ್ತೀನ್ರೀ. ಆಮ್ಯಾಲೆ ಫ್ರೀವೇ ಜಾಮ್ ಆಗ್ತೈತಿ.”

“ಈಗಾಗ್ಲೇ ಆಗಿದೆ. ಬಿಡೋವರೆಗೂ ಒಳಗೆ ಕೂತಿರಿ.”

“ಯಾವಾಗ ಬಿಡ್ತೈತಿ?”

“ನನಗೆ ತಿಳಿದ ಹಾಗೆ… ಈ ಜನ್ಮದಲ್ಲಿ ಬಿಡೋ ಥರ ಕಾಣಲ್ಲ.”

ಅವಳು ರಸ್ತೆಯ ಕಡೆ ನೋಡಿದಳು, ಅವನ ಕಡೆ ನೋಡಿದಳು.

“ಹಂಗಾರ ತಡೀರಿ… ಚಪ್ಪಲಿ ಬಿಟ್ಟು ಬರ್ತೀನಿ.”