ನಂದು ಅನ್ನಬಾರದ ವಿಮಾನ

"ಬರೀಬೇಡ ಕಣವ್ವ. ಬೇಕಾದ್ರೆ ಇಲ್ಲೇ ತುಕ್ಕು ಇಡೀಲಿ, ಅದನ್ನ ನಂದು ಅಂತ ಮಾತ್ರ ಬರೀಬೇಡ," ಎಂದ ಶೆಡ್ಡಿನ ನಂಜಪ್ಪ. ಮಹಾನಂದಾ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದಳು.

"ಮತ್ತ ಯಾರ್ದರಿ ಇದು? ನಿಮ್ಮ ಶೆಡ್ಡಿನ್ಯಾಗ ಅದ, ನಿಮ್ದಲ್ಲಂತೀರಿ."

"ನಮ್ದಲ್ಲ."

ಆರು ತಿಂಗಳಿಂದ ಇದೇ ಹಾಡು. ಕಲಬುರಗಿಯಿಂದ ಬಂದು ಚಿಕ್ಕಬಾಣಾವರದ ಬಾಡಿಗೆ ಕೋಣೆಯಲ್ಲಿದ್ದ ಮಹಾನಂದಾ ಹೊಸ ಸಂಗ್ರಹಾಲಯವೊಂದರ ಗುತ್ತಿಗೆ ಉದ್ಯೋಗಿ. ಪೀಣ್ಯದ ಈ ಶೆಡ್ಡಿನಲ್ಲಿ ಬಿದ್ದಿರುವ, ಮಹಾಯುದ್ಧದ ಕಾಲದ ನೌಕಾಪಡೆಯ ವಿಮಾನವನ್ನು ಮಾಲೀಕರಿಂದ ಬರೆಸಿಕೊಂಡು ಹೋದರೆ ಕೆಲಸ ಕಾಯಂ. ಇಲ್ಲದಿದ್ದರೆ ಈ ವಾರವೇ ಕೊನೆ.

ಚಪ್ಪಲಿ ಸವೆಯುವಷ್ಟು ಅಲೆದಿದ್ದಳು. ಯುದ್ಧ ಮುಗಿದ ಮೇಲೆ, ಕಡಲಿಗೆ ಬಿದ್ದಿದ್ದ ವಿಮಾನವನ್ನು ಕೊಂಡು ಮೇಲೆತ್ತಿಸಿದವನು ಮಂಗಳೂರಿನ ಗುಜರಿ ವ್ಯಾಪಾರಿ. ಅದು ಅವನಿಂದ ದಾವಣಗೆರೆಯ ಟೆಂಟ್ ಸಿನಿಮಾದ ಧಣಿಯ ಕೈಗೆ ಹೋಯಿತು. ಜನ ಸೇರಲೆಂದು ಅವನು ಟೆಂಟಿನ ಮುಂದೆ ನಿಲ್ಲಿಸಿಕೊಂಡಿದ್ದ. ಮೂರನೆಯವನು ನಂಜಪ್ಪನ ಅಪ್ಪ ಚಿಕ್ಕಮುನಿಯಪ್ಪ. ಮೊದಲಿಬ್ಬರ ಮನೆಯವರು ಫೋಟೊ ಕಂಡೊಡನೆ ಬಾಗಿಲು ಹಾಕಿಕೊಂಡಿದ್ದರು. ಮಹಾನಂದಾಳಿಗೆ ಸಿಟ್ಟಲ್ಲ, ಅಳುವೇ ಬರುವಂತಾಗಿತ್ತು.

"ಕೇಳವ್ವ," ಎಂದ ನಂಜಪ್ಪ ದನಿ ತಗ್ಗಿಸಿ. "ಎತ್ತೋವಾಗ ಅಗ್ಗ ಕಟ್ಟಕ್ಕೆ ನೀರಿಗಿಳಿದೋನು ಮ್ಯಾಲೆ ಬರ್ನಿಲ್ಲ. ಇಮಾನ ನಂದು, ಮೊದ್ಲು ಅದನ್ನ ಎಳೀರಿ ಅಂದ್ನಂತೆ ಆ ವ್ಯಾಪಾರಿ. ಸತ್ತೋನ ತಾಯಿ ಮಾಟ ಮಾಡ್ಸಿ ಸೀಟಿನಡಿ ತಾಮ್ರದ ತಗಡು ಒಡ್ಸವ್ಳೆ. ನಂದು ಅಂದೋರ್ನ ಕಡಲು ಕರ್ಕೊಂಡೋಯ್ತದೆ. ಬ್ಯಾರೆ ಯಾರಾದ್ರೂ ನಂದು ಅನ್ನೋಗಂಟ ಬಿಡಕಿಲ್ಲ. ನಮ್ಮಪ್ಪ ಇದೇ ಕುರ್ಚೀಲಿ ಕುಂತಂಗೇ ಮುಳುಗೋದ."

ಮಹಾನಂದಾ ನಕ್ಕುಬಿಟ್ಟಳು. "ಪೀಣ್ಯದಾಗ ಕಡಲಾ? ಕುಡಿಲಿಕ್ಕೇ ಟ್ಯಾಂಕರ್ ನೀರು ತರಸ್ತೀರಿ!"

ಬರೆದೇಬಿಟ್ಟಳು. "ಈ ವಿಮಾನ ನನ್ನದು. ಇದನ್ನು ಸಂಗ್ರಹಾಲಯಕ್ಕೆ ದಾನವಾಗಿ ಕೊಡುತ್ತಿದ್ದೇನೆ." ಸುಳ್ಳೇ. ಆದರೆ ಯಾರಿಗೂ ಬೇಡದ್ದನ್ನು ತನ್ನದೆಂದರೆ ಯಾರ ಗಂಟು ಹೋದೀತು? ಸಹಿ ಹಾಕಿ, ಕಾಗದದ ಫೋಟೊ ತೆಗೆದು ಸಂಗ್ರಹಾಲಯದ ಸಾಹೇಬರಿಗೆ ಕಳಿಸಿದಳು. ಆ ತಗಡನ್ನೂ ನೋಡಿಯೇಬಿಡೋಣವೆಂದು ವಿಮಾನದ ರೆಕ್ಕೆ ಹತ್ತಿದಳು.

ಕರೆಂಟು ಹೋಯಿತು. ಮಧ್ಯಾಹ್ನ ಮೂರು ಗಂಟೆ. ಅಕ್ಕಪಕ್ಕದ ಲೇತ್ ಯಂತ್ರಗಳು ಗೊಣಗುತ್ತ ಒಂದೊಂದಾಗಿ ನಿಂತವು. ಕಿಟಕಿಯಿಲ್ಲದ ಶೆಡ್ಡಿನಲ್ಲಿ ಕಪ್ಪು ಕತ್ತಲು. ಅಷ್ಟು ಹೊತ್ತೂ ಮೂಗಿಗೆ ಅಡರಿದ್ದ ಸುಟ್ಟ ಎಣ್ಣೆಯ ವಾಸನೆ ಇರಲಿಲ್ಲ. ಹಸಿ ಮೀನಿನ ವಾಸನೆ ಬರುತ್ತಿತ್ತು. ಕೆಳಗೆಲ್ಲೋ, ಭಾರ ಎಳೆಯುವ ಹಗ್ಗ ಕಿರುಗುಟ್ಟಿತು.

ಗಂಟಲಲ್ಲಿ ಉಪ್ಪು. ಕೆಮ್ಮಿದಳು. ಅಂಗೈ ತುಂಬ ನೀರು. ಮತ್ತೆ ಕೆಮ್ಮಿದಳು. ನೀರಿನ ಜೊತೆ ಮರಳು.

ರೆಕ್ಕೆಯಿಂದ ಜಾರಿ ಬಿದ್ದಳು. ತಡಕಾಡಿ ಕಾಗದ ಹರಿದಳು. ಉಸಿರು ಬರಲಿಲ್ಲ.

"ಯಜಮಾನ್ರೇ... ನಿಮ್ದಂತ ಅನ್ರಿ! ಒಂದ ಸಲ ಅನ್ರಿ!"

ನಂಜಪ್ಪ ಶೆಡ್ಡಿನ ಬಾಗಿಲು ತಳ್ಳಿದ್ದ. ಬಿಸಿಲಿನ ಸೀಳಿನಲ್ಲಿ ನಿಂತು ಅಳುತ್ತಿದ್ದ. "ಮನೇಲಿ ಮೊಮ್ಮಕ್ಳವ್ರೆ ಕಣವ್ವ," ಎನ್ನುತ್ತ ಹಿಂದೆ ಸರಿದ.

ಫೋನು ಹೊಡೆದುಕೊಂಡಿತು. ಸಾಹೇಬರು! ಅವರು ನಮ್ಮದು ಎಂದರೆ ಸಾಕು. ಒಂದೇ ಮಾತು. ಒದ್ದೆ ಬೆರಳು ಎರಡು ಸಲ ಜಾರಿತು. ಮೂರನೆಯ ಸಲ ಒತ್ತಿದಳು.

"ಮೇಡಂ, ಲೆಟರ್ ಸಿಕ್ತು, ಸೂಪರ್! ಲಾಯರ್ ಜೊತೇನೇ ಮೀಟಿಂಗಲ್ಲಿದ್ದೀನಿ. ಒಂದೇ ಒಂದು ಚೇಂಜು. ದಾನ ಬೇಡ ಅಂತಿದ್ದಾರೆ. ಬರೀ ಪ್ರದರ್ಶನಕ್ಕೆ ಅಂತ ಇಟ್ಕೊತೀವಿ, ಮಾಲೀಕರು ಯಾವಾಗ್ಲೂ ನೀವೇ. ನಿಮ್ಮ ಕೆಲ್ಸಾನೂ ಕಾಯಂ. ಓಕೆ ತಾನೆ?"

ಬೇಡ ಎನ್ನಲು ಬಾಯಿ ತೆರೆದಳು. ನೀರು ಬಂತು.

"ಹಲೋ? ಏನೋ ನೀರಿನ ಸದ್ದು, ಏನೂ ಕೇಳಿಸ್ತಿಲ್ಲ. ಸರಿ ಬಿಡಿ ಮೇಡಂ, ನೀವು ಒಪ್ಪಿದ್ದೀರಿ ಅಂತ ಬರ್ಕೊತೀನಿ."