ಆವಿಗೆಗೆ ಹೋಗಿ ಬಂದ ಬಿಲ್ಲೆ

"ಮುಳ್ಳು ತಿರುಗ್ತಾನೇ ಇಲ್ಲ ಅಜ್ಜಿ. ಏನ್ ಮಾಡ್ದೆ ಇದಕ್ಕೆ?"

ಶಶಿಕಲಾ ದಿಕ್ಸೂಚಿಯನ್ನು ಮಣ್ಣಿನ ಬಿಲ್ಲೆಯ ಪಕ್ಕಕ್ಕೆ ಹಿಡಿದಳು, ತೆಗೆದಳು, ಮತ್ತೆ ಹಿಡಿದಳು. ನಿನ್ನೆ ಬೆಳಿಗ್ಗೆ ಕಪ್ಪಗಿದ್ದ ಚೌಕದ ಬಿಲ್ಲೆ ಈಗ ಹೆಂಚಿನಂತೆ ಕೆಂಪಗಾಗಿತ್ತು.

ಅಜ್ಜಿ ಪಾರ್ವತಮ್ಮ ಮಡಕೆ ಸುಡುವ ಆವಿಗೆಯಿಂದ ದೀಪಗಳನ್ನು ತೆಗೆಯುತ್ತಿದ್ದರು. "ಸುಟ್ಟೆ ಕಣಮ್ಮಿ. ಹಸಿ ಮಣ್ಣು, ಒಂದನಿ ನೀರು ಬಿದ್ರೆ ಕರಗೋಯ್ತದೆ. ಸ್ಕೂಲಿಗೆ ತಕೊಂಡೋಗ್ತೀಯಲ್ಲ ಅಂತ ದೀಪದ ಜೊತೆಗೆ ಇಕ್ಕಿದೆ."

ಕುಂಬಾರರ ಮನೆಯಲ್ಲಿ ಹಸಿ ಮಣ್ಣು ಕಂಡರೆ ಸುಡದೆ ಬಿಟ್ಟಾರೆಯೇ?

"ನಿನ್ನ ಯಾರು ಕೇಳಿದ್ರು? ನಿಂಗೇನ್ ಗೊತ್ತು ಸೈನ್ಸು?"

ಅಜ್ಜಿ ಕೈಲಿದ್ದ ದೀಪದ ಬೂದಿಯನ್ನು ಸೆರಗಿನಲ್ಲಿ ಒರೆಸಿದರು.

ಹತ್ತು ಗಂಟೆಗೆ ಸೈನ್ಸ್ ಎಕ್ಸಿಬಿಷನ್. ಶಶಿಕಲಾ ಎರಡು ಜಡೆಯಲ್ಲಿ ಒಂದನ್ನಷ್ಟೇ ಹೆಣೆದುಕೊಂಡು ಒಳಗೂ ಹೊರಗೂ ಓಡಾಡಿದಳು. ಕೋಟಿಗಟ್ಟಲೆ ವರ್ಷಗಳ ಹಿಂದೆ ನೀರಿನ ತಳಕ್ಕೆ ಕೆಸರು ಇಳಿಯುವಾಗ, ಅದರೊಳಗಿನ ಕಬ್ಬಿಣದ ಕಣಗಳು ಭೂಮಿಯ ಅಯಸ್ಕಾಂತದ ದಿಕ್ಕಿಗೆ ತಿರುಗಿ ಕೂರುತ್ತವಂತೆ. ಕೆಸರು ಕಲ್ಲಾದರೂ ಆ ದಿಕ್ಕು ಒಳಗೆ ಉಳಿಯುತ್ತದಂತೆ. ಅದನ್ನು ತೋರಿಸಲು ಅವಳು ಕೆರೆಮಣ್ಣಿಗೆ ಅಪ್ಪನ ಫ್ಯಾಕ್ಟರಿಯ ಉಕ್ಕಿನ ಪುಡಿ ಕಲಸಿ, ಟ್ರೇ ಪಕ್ಕ ದೊಡ್ಡ ಅಯಸ್ಕಾಂತ ಇಟ್ಟು ಒಣಗಿಸಿದ್ದಳು. ಮೇಲೆ ಮೊಳೆಯಿಂದ ಬಾಣ ಗೀರಿದ್ದಳು. ಬಾಣದ ತುದಿಗೆ ದಿಕ್ಸೂಚಿ ಹಿಡಿದರೆ ಮುಳ್ಳು ಅದೇ ದಾರಿ ಹಿಡಿಯುತ್ತಿತ್ತು. ಈಗ ಅಲ್ಲಿ ಸುಮ್ಮನಿದೆ. ಬಿಲ್ಲೆಯ ಒಂದು ಮೂಲೆಗೆ ಹಿಡಿದರೆ ಮಾತ್ರ ಅಲುಗುತ್ತದೆ.

ಅಪ್ಪನ ಮೊಬೈಲ್ ಕಸಿದುಕೊಂಡು ಸೈನ್ಸ್ ಹೇಳಿಕೊಡುವ ಮುರಳಿಕೃಷ್ಣ ಸರ್‌ಗೆ ಫೋನ್ ಮಾಡಿದಳು. "ಸರ್, ನನ್ ಪ್ರಾಜೆಕ್ಟ್ ಹಾಳಾಗೋಯ್ತು. ಅಜ್ಜಿ ಸುಟ್ಬಿಟ್ರು."

ಸರ್ ನಕ್ಕರು. "ನಿಜವಾದ ಕಲ್ಲಿಗೂ ಹಂಗೇ ಆಗ್ತದೆ ಕಣಮ್ಮ. ಬೆಂಕಿ ಬಿದ್ರೆ ಹಳೇ ದಿಕ್ಕು ಮರೀತದೆ. ತಣ್ಣಗಾಗೋವಾಗ ಭೂಮಿ ದಿಕ್ಕು ಹೊಸದಾಗಿ ಹಿಡೀತದೆ. ಆವಿಗೇಲಿ ಬಿಲ್ಲೆ ಹೆಂಗೆ, ಯಾವ ದಿಕ್ಕಿಗೆ ಇಟ್ಟಿದ್ರು? ಅದು ಗೊತ್ತಾದ್ರೆ ಅದೇ ತೋರ್ಸು."

ಹೇಗೆ ಇಟ್ಟಿದ್ದರೋ ಬಲ್ಲವರು ಒಬ್ಬರೇ. ಶಶಿಕಲಾಗೆ ನಾಚಿಕೆಯಾಯಿತು. ಬಾಗಿಲ ತನಕ ಹೋಗಿ ಎರಡು ಸಲ ಹಿಂದೆ ಬಂದಳು. ಮೂರನೇ ಸಲ ಆವಿಗೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು.

"ಅಜ್ಜಿ, ಇದನ್ನ ಹೆಂಗೆ ಇಕ್ಕಿದ್ದೆ? ನೆನಪದಾ?"

"ನಲವತ್ತು ವರ್ಷದಿಂದ ಜೋಡಿಸ್ತಾ ಇದೀನಿ, ನೆನಪಿಲ್ದೆ ಏನು?" ಅಜ್ಜಿ ಬಿಲ್ಲೆಯನ್ನು ಇಸಿದುಕೊಂಡು, ಬೂದಿಯ ಮೇಲೆ, ಬಾಣ ಹುಣಸೆಮರದ ಕಡೆಗೆ ಬರುವಂತೆ ಇಟ್ಟರು. "ಹಿಂಗೆ. ಗೀಟು ಮರದ ಕಡೆಗಿತ್ತು."

ಮುಳ್ಳು ಅಲುಗುತ್ತಿದ್ದ ಆ ಮೂಲೆ ಈಗ ಊರಿನ ಉತ್ತರಕ್ಕಿದ್ದ ಕೋಟೆ ಬೆಟ್ಟದತ್ತ ಇತ್ತು. ಶಶಿಕಲಾ ದಿಕ್ಸೂಚಿಯನ್ನು ಬಿಲ್ಲೆಯಿಂದ ದೂರ ಒಯ್ದು ನೋಡಿದಳು. ಮುಳ್ಳೂ ಬೆಟ್ಟದತ್ತಲೇ ತಿರುಗಿ ನಿಂತಿತು.

ಬೆಳಗಿನಿಂದ ಮೊದಲ ಸಲ ಅವಳು ಅಲುಗಾಡದೆ ಕೂತಳು.

ಆಮೇಲೆ ಮೊಳೆ ತಂದು ಹಳೆಯ ಬಾಣವನ್ನು ಹಾಗೇ ಬಿಟ್ಟು, ಮೂಲೆಯ ಕಡೆಗೆ ಇನ್ನೊಂದು ಗೀರಿದಳು. ಸುಟ್ಟ ಮಣ್ಣು ಗಟ್ಟಿ, ಕೈ ನೋಯಿತು.

"ಅಜ್ಜಿ, ಸೀರೆ ಬದಲಾಯಿಸ್ಕೊ. ಸ್ಕೂಲಲ್ಲಿ ಈ ಬಾಣದ ವಿಷ್ಯ ಕೇಳಿದ್ರೆ ನೀನೇ ಹೇಳ್ಬೇಕು."

"ನಂಗೇನ್ ಗೊತ್ತು ಸೈನ್ಸು?"

ಶಶಿಕಲಾ ತಲೆ ತಗ್ಗಿಸಿ, ಅಜ್ಜಿಯ ಸೆರಗಿನ ಬೂದಿಯನ್ನು ಮೆಲ್ಲಗೆ ಕೊಡವಿದಳು.