ಗರಗಸದ ಮೂರು ಗೀರು

ಅರವತ್ತು ಮೀಟರ್ ಉಕ್ಕಿನ ಹಗ್ಗ ಚರ್ಚಿನ ಬೆಂಚುಗಳ ನಡುವೆ ಬಿದ್ದಿತ್ತು. ಮಳೆ ಹಿಡಿಯುವ ಮೊದಲು ಅದನ್ನು ಕಾಡು ದಾಟಿಸಿ ಕಣಿವೆಗೆ ಅಡ್ಡ ಬಿಗಿಯಬೇಕು. ತೂಗುಸೇತುವೆಗೆ ಎರಡು ಹಗ್ಗ. ಅದರಲ್ಲೊಂದನ್ನು ಯಾರೋ ಈಗಾಗಲೇ ಎರಡು ಸಲ ಕೊಯ್ದಿದ್ದರು. ಹೊಳೆಯಾಚೆ ದಡದವರದೇ ಕಿತಾಪತಿ ಎಂದು ಊರೆಲ್ಲ ಮಾತು. ಸೇತುವೆಯಿಲ್ಲದೆ ಆಚೆಯ ಬಸುರಿಯರು ಬಾಡಿಗೆ ಕೊಟ್ಟು ಹೇಸರಗತ್ತೆಯ ಮೇಲೆ ಎರಡು ದಿನ ಬಳಸಿ ಆಸ್ಪತ್ರೆಗೆ ಬರಬೇಕು. ಹೋದ ತಿಂಗಳು ಒಬ್ಬಳು ದಾರಿಯಲ್ಲೇ ತೀರಿಕೊಂಡಳು.

ಹೇಸರಗತ್ತೆಗಳು ಸೇತುವೆ ಕಟ್ಟುವ ಮೇಸ್ತ್ರಿಯ ಅಣ್ಣನವು. ಚರ್ಚಿನ ಸಭೆಯ ಹಿರಿಯನೂ ಅವನೇ. ಹೊರಡುವಾಗ ತಮ್ಮನ ತಲೆಯ ಮೇಲೆ ಕೈಯಿಟ್ಟು, "ಕರ್ತನೇ, ಇವರು ಕಟ್ಟಿದ್ದು ನಿಲ್ಲಲಿ" ಎಂದು ಕಣ್ಣೀರಿಟ್ಟು ಪ್ರಾರ್ಥಿಸಿದ.

ಹಗ್ಗವನ್ನು ತುಂಡು ಮಾಡಿ ಹೊರುವಂತಿಲ್ಲ; ಜೋಡಿಸಿದ್ದನ್ನು ಕಣಿವೆಯ ಮೇಲೆ ನಂಬುವುದು ಹೇಗೆ? ಮೇಸ್ತ್ರಿ, ವೆಲ್ಡರ್, ನರ್ಸಮ್ಮ ಮೂವರೂ ಒಂದೇ ಹಗ್ಗದ ಮೂರು ಸುರುಳಿ ಹೆಗಲಿಗೇರಿಸಿ ಒಂದೇ ಹೆಜ್ಜೆ ಹಾಕಬೇಕಿತ್ತು.

"ನನ್ನ ಹೆಂಡತಿ ಕೂಡ ನನ್ನ ಇಷ್ಟು ಬಿಗಿಯಾಗಿ ಕಟ್ಟಾಕಿಲ್ಲ" ಎಂದ ವೆಲ್ಡರ್.

"ಬಾಯಿ ಮುಚ್ಕೊಂಡು ಹೆಜ್ಜೆ ಎಣಿಸಪ್ಪ" ಎಂದಳು ನರ್ಸಮ್ಮ.

ಕಾಡಿನೊಳಗೆ ಹಗಲೂ ಮಬ್ಬಾಗಿತ್ತು. ಬೇರುಗಳು ಮೊಣಕಾಲೆತ್ತರ ಎದ್ದಿದ್ದವು, ಕೆಳಗೆ ಕೊಳೆತ ಎಲೆಯ ಮೆತ್ತೆ, ಅದರಡಿ ನೀರು. ಮಧ್ಯಾಹ್ನದ ಹೊತ್ತಿಗೆ ಮರಗಳು ಮುಗಿದು ಬಂಡೆಯ ಅಂಚು ಬಂತು. ಒಂದು ಪಾದ ಅಗಲದ ದಾರಿ. ಎಡಕ್ಕೆ ಗೋಡೆಯಂಥ ಕಲ್ಲು, ಬಲಕ್ಕೆ ಏನೂ ಇಲ್ಲ.

ವೆಲ್ಡರ್ ಜಾರಿದ.

ಹಗ್ಗ ಜಗ್ಗಿತು. ನರ್ಸಮ್ಮ ಮಂಡಿಯೂರಿದಳು. ಮೇಸ್ತ್ರಿ ಬಂಡೆಯ ಬಿರುಕಿಗೆ ಕೈ ತುರುಕಿ ನಿಂತ. ಹೆಗಲಿನ ಚರ್ಮ ಸುಲಿಯಿತು.

"ಅಲ್ಲಾಡಬೇಡ. ಎಡಗಾಲು ಮೇಲೆ. ಇನ್ನೂ ಮೇಲೆ" ಎಂದ ಮೇಸ್ತ್ರಿ.

ವೆಲ್ಡರ್ ಹತ್ತಿ ಬಂದ. ಆಮೇಲೆ ಅವನ ತಮಾಷೆ ನಿಂತುಹೋಯಿತು.

ಕಣಿವೆಯ ಬಳಿ ಮೊದಲು ಕಂಡದ್ದು ಹಳೆಯ ಹಗ್ಗದ ಮೋಟು. ಹಿಂದಿನ ಸಲ ತುದಿಗಳು ಹೊಳೆಗೆ ಬಿದ್ದಿದ್ದವು. ಈ ಸಲ ಮೊಳದುದ್ದದ ತುಂಡು ಈಚೆ ಕಂಬದಲ್ಲೇ ಉಳಿದಿತ್ತು.

"ಕೊಯ್ದಿದ್ದು ನಮ್ಮ ಕಡೆಯಿಂದ" ಎಂದಳು ನರ್ಸಮ್ಮ.

ಮೇಸ್ತ್ರಿ ತುದಿಯನ್ನು ಹೆಬ್ಬೆರಳಲ್ಲಿ ಸವರಿದ. ಅಂಚಿನ ಪಕ್ಕ ಓರೆಯಾಗಿ ಮೂರು ಗೀರು. ಬ್ಲೇಡ್ ಜಾರದಿರಲೆಂದು ಗರಗಸವನ್ನು ಮೊದಲು ಮೂರು ಸಲ ಹಿಂದಕ್ಕೆಳೆಯುವುದು ಅಪ್ಪ ಕಲಿಸಿದ ಪಾಠ. ಕಲಿತವರು ಇಬ್ಬರೇ ಮಕ್ಕಳು.

"ನಮ್ಮಣ್ಣ" ಎಂದ.

"ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋದು?" ಎಂದಳು ನರ್ಸಮ್ಮ. "ಆ ಬಸುರಿ ಹುಡುಗಿ ದಾರೀಲಿ ನನ್ನ ಕೈಯಲ್ಲೇ ಹೋದ್ಲು."

ಮೇಸ್ತ್ರಿ ಬಂಡೆಯ ಮೇಲೆ ಕುಸಿದ. ಹೊತ್ತು ತಂದದ್ದನ್ನೆಲ್ಲ ಹೊಳೆಗೆಸೆದು ಹೋಗಬೇಕೆನ್ನಿಸಿತು. ತಾನು ಕಟ್ಟುವುದು, ಅಣ್ಣ ಕೊಯ್ಯುವುದು, ಭಾನುವಾರ ಇಬ್ಬರೂ ಒಟ್ಟಿಗೆ ಹಾಡುವುದು. ಎಂಥ ಬಾಳು ಇದು?

"ವಾಪಸ್ ಹೋಗೋಣ್ವಾ?" ವೆಲ್ಡರ್ ಕೇಳಿದ.

"ಈ ಕೆಲಸ ಕೊಟ್ಟಿದ್ದು ಅಣ್ಣ ಅಲ್ಲ ಕಣೋ, ಯೇಸು. ಹುರಿ ಕೊಡು."

ಸೊಂಟಕ್ಕೆ ಹುರಿ ಕಟ್ಟಿ, ಉಳಿದ ಒಂದೇ ಹಗ್ಗಕ್ಕೆ ಕೈಕಾಲು ಹೆಣೆದು ಮೇಸ್ತ್ರಿ ತೆವಳಿದ. ಗಾಳಿ ಬೀಸಿತು. ಕಣ್ಣು ಮುಚ್ಚಿ ತಡೆದ. ಮತ್ತೆ ತೆವಳಿದ. ಆಚೆ ದಡದಲ್ಲಿ, ಊರೆಲ್ಲ ಕಳ್ಳರೆಂದು ಬೈದಿದ್ದ ಜನ ಅವನನ್ನು ಎಳೆದುಕೊಂಡರು. ಅವನ ಜೊತೆ ನಿಂತು, ಹುರಿಯ ತುದಿಗೆ ಕಟ್ಟಿದ್ದ ಉಕ್ಕಿನ ಹಗ್ಗವನ್ನೂ ಎಳೆದರು. ಸಂಜೆಗೆ ಸೇತುವೆ ನಿಂತಿತು.

ಭಾನುವಾರ ಕುಂಟುತ್ತಾ ಬಂದ ಮೂವರನ್ನು ಅಣ್ಣ ಚರ್ಚಿನ ಬಾಗಿಲಲ್ಲೇ ಅಪ್ಪಿಕೊಂಡ. "ಸ್ತೋತ್ರ ಪ್ರಾರ್ಥನೆ ಮಾಡೋಣ" ಎಂದ. ಸಭೆ ಎದ್ದು ಕಣ್ಣು ಮುಚ್ಚಿತು.

ಮೇಸ್ತ್ರಿ ಚೀಲದಿಂದ ಮೋಟು ತೆಗೆದು ಅಣ್ಣನ ಕೈಗಿಟ್ಟ. ಅಣ್ಣನ ಹೆಬ್ಬೆರಳು ತಾನಾಗಿಯೇ ಗೀರುಗಳ ಮೇಲೆ ಹೋಗಿ ನಿಂತಿತು.

"ಅಪ್ಪ ಕಲಿಸಿದ ಹಾಗೇ ಕೊಯ್ದಿದ್ದೀಯಣ್ಣ" ಎಂದ ಮೇಸ್ತ್ರಿ, ಅವನಿಗಷ್ಟೇ ಕೇಳುವಂತೆ. "ಮತ್ತೆ ಕೊಯ್ದ್ರೆ ಮತ್ತೆ ಹೊತ್ಕೊಂಡು ಹೋಗ್ತೀನಿ. ಈಗ ಪ್ರಾರ್ಥನೆ ಮಾಡು, ಎಲ್ಲರೂ ಕಾಯ್ತಿದ್ದಾರೆ."

ಸಭೆ ಕಣ್ಣು ಮುಚ್ಚಿಯೇ ನಿಂತಿತ್ತು. ಅಣ್ಣನ ಹೆಬ್ಬೆರಳು ಇನ್ನೂ ಗೀರುಗಳ ಮೇಲೇ ಇತ್ತು.